ಎರಡನೇ ರಿಮೋಟಿನ ತಡ

ನಮ್ಮ ಊರಿನಲ್ಲಿ ಇಬ್ಬರು ಮನಸ್ಸು ಮುರಿಯುವಂತೆ ಜಗಳವಾಡಿದರೆ ಆ ಗಳಿಗೆಯಿಂದಲೇ ಒಬ್ಬರ ದನಿ ಇನ್ನೊಬ್ಬರಿಗೆ ಕೇಳಿಸುವುದಿಲ್ಲ. ಉಳಿದದ್ದೆಲ್ಲ ಕೇಳಿಸುತ್ತದೆ. ಅದೇ ಮನುಷ್ಯನ ಚಪ್ಪಲಿ ಸದ್ದು ಕೇಳಿಸುತ್ತದೆ, ಅವನು ಸಿಟ್ಟಿನಲ್ಲಿ ಲೋಟ ಕುಕ್ಕಿದ್ದು ಕೇಳಿಸುತ್ತದೆ. ಬಾಯಿಂದ ಬಂದದ್ದು ಮಾತ್ರ ಇಲ್ಲ. ಫೋನಿನಲ್ಲಿ ಮಾತಾಡಿದರೂ ಇಲ್ಲ, ರೆಕಾರ್ಡ್ ಮಾಡಿ ಹಾಕಿದರೂ ಇಲ್ಲ. ಬೇರೆ ಊರಿಂದ ಮದುವೆಯಾಗಿ ಬಂದವರು ಮೊದಲ ಸಲ ಹೆದರಿ ಕಿವಿ ಡಾಕ್ಟರ ಹತ್ತಿರ ಓಡುತ್ತಾರೆ. ನಾವು ಓಡುವುದಿಲ್ಲ, ವಾಚನಾಲಯಕ್ಕೆ ಹೋಗುತ್ತೇವೆ.

ವಾಚನಾಲಯದ ಒಳಕೋಣೆಯಲ್ಲಿ ಒಂದು ಹಳೆಯ ಟಿವಿ, ಅದರ ಕೆಳಗೆ ಟಿವಿ ಗೇಮಿನ ಡಬ್ಬಿ, ಡಬ್ಬಿಗೆ ಎರಡು ವೈರಿನ ರಿಮೋಟು. ಹಾಕಲು ಇದ್ದದ್ದು ಒಂದೇ ಕ್ಯಾಸೆಟ್ಟು. ಅದರ ಮೇಲಿನ ಚೀಟಿ ಯಾವತ್ತೋ ಕಿತ್ತುಹೋಗಿದ್ದರಿಂದ ಆಟದ ನಿಜವಾದ ಹೆಸರು ಯಾರಿಗೂ ಗೊತ್ತಿಲ್ಲ. ನಾವು ಹೊರೆ ಆಟ ಅನ್ನುತ್ತೇವೆ. ಇಬ್ಬರು ಪುಟ್ಟ ಹಮಾಲರು ಒಂದು ಪೆಟ್ಟಿಗೆ ಹೊತ್ತುಕೊಂಡು ಹನ್ನೆರಡು ಸೇತುವೆ ದಾಟಬೇಕು. ಒಬ್ಬ ಮುಂದೆ, ಒಬ್ಬ ಹಿಂದೆ. ಹೆಜ್ಜೆ ತಪ್ಪಿದರೆ ಪೆಟ್ಟಿಗೆ ಹೊಳೆಪಾಲು, ಮತ್ತೆ ಮೊದಲಿಂದ ಶುರು. ಹನ್ನೆರಡನೆಯದು ದಾಟಿ ಪೆಟ್ಟಿಗೆ ಇಳಿಸಿದಾಗ ಪೀಪೀ ಎಂದು ಒಂದು ಹಾಡು ಬರುತ್ತದೆ. ಆ ಹಾಡು ಮುಗಿಯುವಷ್ಟರಲ್ಲಿ ಜಗಳವಾಡಿದವರಿಗೆ ಒಬ್ಬರ ದನಿ ಒಬ್ಬರಿಗೆ ಬಂದುಬಿಡುತ್ತದೆ. ನನ್ನ ಅವ್ವ ಅಪ್ಪನ ಜೊತೆ ನಾಲ್ಕು ಸಲ ಆ ಬೆಂಚಿನ ಮೇಲೆ ಕೂತಿದ್ದಳು. ಐದನೆಯ ಜಗಳಕ್ಕೆ ಪುರುಸೊತ್ತು ಕೊಡದೆ ಕಣ್ಣು ಮುಚ್ಚಿದಳು ಎಂದು ಅಪ್ಪ ಹೇಳುತ್ತಿದ್ದ, ನಗುತ್ತಲೇ ಹೇಳುತ್ತಿದ್ದ.

ನಾನು ಹಾಲಮ್ಮ. ಬಸ್ ಸ್ಟ್ಯಾಂಡಿನ ಎದುರು ಮೊಬೈಲ್ ರಿಪೇರಿ ಅಂಗಡಿ ನನ್ನದು. ಅರ್ಧ ನನ್ನದು ಅನ್ನಿ. ಬಾಗಿಲಿನ ಎಡಕ್ಕೆ ನನ್ನ ಟೇಬಲ್ಲು, ಬಲಕ್ಕೆ ಅಪ್ಪನದು. ಅಪ್ಪ ಕೊಟ್ರಪ್ಪ ನಲವತ್ತು ವರ್ಷದಿಂದ ವಾಚ್ ರಿಪೇರಿ ಮಾಡುವವನು. ಎರಡು ವರ್ಷದ ಹಿಂದೆ, ಜಾಗ ಸಾಲದು ಎಂದು ನಾನು ಅವನ ಒಂದು ಟ್ರಂಕು ವಾಚನ್ನು ಗುಜರಿಯವನಿಗೆ ಹಾಕಿಬಿಟ್ಟೆ. ಎಲ್ಲ ಯಾರ್‍ಯಾರೋ ರಿಪೇರಿಗೆ ಕೊಟ್ಟು, ಹದಿನೈದು ವರ್ಷವಾದರೂ ವಾಪಸು ಒಯ್ಯದೆ ಬಿಟ್ಟವು. ಪ್ರತಿಯೊಂದಕ್ಕೂ ದಾರ ಕಟ್ಟಿ ಹೆಸರಿನ ಚೀಟಿ. ಅಪ್ಪ ಊಟ ಮುಗಿಸಿ ಬಂದವನು ಖಾಲಿ ಮೂಲೆ ನೋಡಿ ನಿಂತಲ್ಲೇ ನಿಂತ.

“ಅವು ನನ್ನವಲ್ಲ ಕಣೇ, ಜನರವು! ನಾಳೆ ಬಂದು ಕೇಳಿದ್ರೆ ಏನ್ ಕೊಡ್ಲಿ, ನಿನ್ ತಲೆ ಕೊಡ್ಲಾ?”

“ಯಾರ್ ಬರ್ತಾರಪ್ಪ ಈಗ? ಅರ್ಧ ಜನ ಸತ್ತೇ ಹೋಗಿದಾರೆ.”

“ಹೆಸರು ಬರೆದಿಟ್ಟಿದ್ದನ್ನ ಎಸೀಬಾರ್ದು ಅನ್ನೋ ಅಷ್ಟೂ ಜ್ಞಾನ ಇಲ್ವಾ? ನಿಂಗೆಲ್ಲಿ ಗೊತ್ತು ರಿಪೇರಿ ಅಂದ್ರೆ! ಹಳೇದು ಕಿತ್ತು ಬಿಸಾಕು, ಹೊಸದು ಅಂಟ್ಸು. ಅದೂ ಒಂದು ಕಸುಬಾ?”

ನನಗೆ ಮೈ ಉರಿಯಿತು. “ನಿನ್ನ ಕಾಲ ಮುಗೀತಪ್ಪ. ಒಪ್ಕೊಂಡು ಮೂಲೇಲಿ ಸುಮ್ನೆ ಕೂತ್ಕೋ” ಅಂದುಬಿಟ್ಟೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ, ಏನು ಬಂತು? ಅಪ್ಪನ ಬಾಯಿ ತೆರೆಯಿತು, ಮುಚ್ಚಿತು, ಕೈ ಬೀಸಿದ. ಒಂದು ಸದ್ದಿಲ್ಲ.

ಮಾರನೆಯ ದಿನವೇ ವಾಚನಾಲಯಕ್ಕೆ ಹೋಗಿದ್ದರೆ ನಲವತ್ತು ನಿಮಿಷದಲ್ಲಿ ಮುಗಿದುಹೋಗುತ್ತಿತ್ತು. ಹೋಗಲಿಲ್ಲ. ಅವನೇ ಕರೆಯಲಿ ಎಂದು ನಾನು, ಅವಳೇ ಕರೆಯಲಿ ಎಂದು ಅವನು. ಒಂದೇ ಅಂಗಡಿ, ಒಂದೇ ಅಡಿಗೆಮನೆ, ಮಾತಿಗೆ ಬದಲು ಚೀಟಿ. ‘ಸಾರಿಗೆ ಉಪ್ಪು ಕಮ್ಮಿ.’ ‘ಡಬ್ಬೀಲಿದೆ, ಹಾಕ್ಕೋ.’ ಹೀಗೆ ಎಂಟು ತಿಂಗಳು ಬಿಗಿದುಕೊಂಡೇ ಕಳೆದೆವು. ಅಷ್ಟರಲ್ಲಿ ಒಂದು ಮಧ್ಯಾಹ್ನ ಕರೆಂಟು ಜಾಸ್ತಿ ಬಂದು ವಾಚನಾಲಯದ ಡಬ್ಬಿಯಿಂದ ಹೊಗೆ ಎದ್ದಿತು. ಬಿಚ್ಚಿ ನೋಡಿದೆ. ಒಳಗೆ ಉಳಿಯುವಂಥದ್ದೇನೂ ಇರಲಿಲ್ಲ.

ಆಮೇಲಿನ ಊರನ್ನು ನೀವು ನೋಡಬೇಕಿತ್ತು. ಜಗಳಗಳು ನಿಲ್ಲಲಿಲ್ಲ, ಬಿಡಿಸುವ ಆಟ ನಿಂತಿತು. ಆಗ ಎಲ್ಲಿಂದಲೋ ಒಂದು ಮಾಡ್ ಆಪ್ ಬಂತು. ಯಾರೋ ಪುಣ್ಯಾತ್ಮ ನಮ್ಮ ಹೊರೆ ಆಟವನ್ನೇ ತಿದ್ದಿ ತೀಡಿ ಫೋನಿಗೆ ಹೊಂದಿಸಿದ್ದ. ಪ್ರಾಣ ಎಷ್ಟು ಬೇಕಾದರೂ ಇದೆ, ಪೆಟ್ಟಿಗೆ ಬೀಳುವುದೇ ಇಲ್ಲ, ನಡುನಡುವೆ ರಮ್ಮಿ ಆಟದ ಜಾಹೀರಾತು. ಊರಿಗೆ ಊರೇ ಅದನ್ನು ಇಳಿಸಿಕೊಂಡಿತು, ಕೆಟ್ಟ ಫೋನುಗಳೆಲ್ಲ ನನ್ನ ಟೇಬಲ್ಲಿಗೆ ಬಂದವು. ಒಬ್ಬರದು ಇನ್‌ಸ್ಟಾಲ್ ಆಗುತ್ತಿಲ್ಲ, ಒಬ್ಬರದು ತೆರೆದರೆ ಕಪ್ಪು ಪರದೆ, ಒಬ್ಬರದು ಕೈ ಸುಡುವಷ್ಟು ಬಿಸಿ. ಮಂಡಕ್ಕಿ ಅಂಗಡಿಯ ಗುರುಬಸಪ್ಪ ಮತ್ತು ಅವನ ಹೆಂಡತಿ ಸಾವಂತ್ರಮ್ಮ ನನ್ನ ಎದುರಿಗೇ ಕೂತು ಹತ್ತು ನಿಮಿಷದಲ್ಲಿ ಹನ್ನೆರಡೂ ಸೇತುವೆ ದಾಟಿದರು.

“ಈಗ ಕೇಳಿಸ್ತಾ?” ಎಂದು ಸಾವಂತ್ರಮ್ಮ ಗಂಡನ ಕಿವಿಯ ಹತ್ತಿರ ಕಿರುಚಿದಳು.

ಗುರುಬಸಪ್ಪ ನನ್ನ ಕಡೆ ತಿರುಗಿ, “ಏನಂತೆ ಇವಳದು?” ಅಂದ.

“ಕೇಳಿಸ್ತಾ ಅಂತಿದಾರೆ.”

“ಇಲ್ಲ ಅಂತ ಹೇಳವ್ವ. ಹಾಗೇ ಹುರಿಗಡಲೆ ಖಾಲಿ ಆಗಿದೆ ಅಂತಾನೂ ಹೇಳ್ಬಿಡು.”

ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಹೊಸ ಫೋನಿಗೆ ಗಾಜು ಅಂಟಿಸಿದೆ, ಆಪ್ ಕಿತ್ತು ಹಾಕಿದೆ, ಚೀಟಿ ಬರೆದು ಅಪ್ಪನ ಜೊತೆ ಬದುಕಿದೆ. ನನಗೇನೂ ಅವಸರವಿರಲಿಲ್ಲ.

ಅವಸರ ಬಂದದ್ದು ವಾಚನಾಲಯ ನೋಡಿಕೊಳ್ಳುವ ತಿಪ್ಪೇರುದ್ರಪ್ಪನವರಿಂದ. ಅವರು ಅಪ್ಪನ ಜತೆಗಾರರು, ನಾನು ಮಾವ ಅಂತ ಕರೆಯುವುದು. ಒಂದು ದಿನ ಅಪ್ಪ ಚಾ ಕುಡಿಯಲು ಹೋದಾಗ ಅಂಗಡಿಗೆ ಬಂದು, “ಅಲ್ಲಮ್ಮ, ನಿಮ್ಮಪ್ಪನ ದನಿ ಮೂರು ತಿಂಗಳಿಂದ ಕಟ್ಟಿಹೋಗಿದೆ, ಸೀಳಿದ ಬಿದಿರಿನ ಥರ ಆಗಿದೆ. ನೀನು ಡಾಕ್ಟರಿಗೆ ತೋರ್ಸಿದೀಯ ಅಂದ್ಕೊಂಡಿದ್ದೆ” ಅಂದರು. ಮನೆಯಲ್ಲಿ ಇದ್ದವಳು ನಾನೊಬ್ಬಳು. ಊರಿಗೆಲ್ಲ ಕೇಳಿಸಿದ್ದು ನನಗೊಬ್ಬಳಿಗೆ ಕೇಳಿಸಿರಲಿಲ್ಲ.

ಪಟ್ಟಣದ ದೊಡ್ಡಾಸ್ಪತ್ರೆಯಲ್ಲಿ ಪರೀಕ್ಷೆ ಮಾಡಿದರು. ಗಂಟಲಲ್ಲಿ ಗಡ್ಡೆ. ಜೀವ ಉಳಿಯಬೇಕಾದರೆ ದನಿಪೆಟ್ಟಿಗೆಯನ್ನೇ ತೆಗೆಯಬೇಕು, ಇಪ್ಪತ್ತೆಂಟನೆಯ ದಿನಕ್ಕೆ ಆಪರೇಷನ್ ಅಂದರು. ಅಪ್ಪ ಡಾಕ್ಟರಿಗೆ ಏನೋ ಹೇಳಿದ. ಅವರು ನನ್ನ ಮುಖ ನೋಡಿದರು. “ಕೇಳಿಸ್ತಲ್ಲಮ್ಮ ನಿಮ್ಮ ತಂದೆ ಹೇಳಿದ್ದು?”

“ಇಲ್ಲ ಸಾರ್. ನಮ್ಮೂರಲ್ಲಿ ಹಾಗೆ. ಏನಂದ?”

ಡಾಕ್ಟರಿಗೆ ಅರ್ಥವಾಗಲಿಲ್ಲ, ಆದರೂ ಹೇಳಿದರು. “ಮಗಳನ್ನ ಹೆದರಿಸ್ಬೇಡಿ, ಮೆತ್ತಗೆ ಹೇಳಿ ಅಂದ್ರು.”

ವಾಪಸು ಬರುವ ಬಸ್ಸಿನಲ್ಲಿ ನಾನು ನಿರ್ಧಾರ ಮಾಡಿದೆ. ಇಪ್ಪತ್ತೇಳು ದಿನ ಇದೆ. ಆ ಗಂಟಲಿಂದ ದನಿ ಹೋಗುವ ಮುಂಚೆ ನಾನದನ್ನು ಕೇಳಲೇಬೇಕು. ಫೋನ್ ರಿಪೇರಿ ಮಾಡುವವಳು ನಾನು, ಒಂದು ಆಟ ಎಬ್ಬಿಸಲಾರೆನಾ? ಅಂಗಡಿಗೆ ಬಂದವಳೇ ‘ಮುಂದಿನ ತಿಂಗಳವರೆಗೆ ಹೊಸ ಕೆಲಸ ತೆಗೆದುಕೊಳ್ಳುವುದಿಲ್ಲ’ ಎಂದು ಬೋರ್ಡು ನೇತುಹಾಕಿದೆ. ಅಪ್ಪನಿಗೆ ಚೀಟಿ ಬರೆದೆ: ‘ಹೊರೆ ಆಟ ಆಡಬೇಕು. ನನ್ನ ಜೊತೆ. ದಿನಾ.’ ಅವನು ಓದಿ, ಕನ್ನಡಕ ತೆಗೆದು ಒರೆಸಿಕೊಂಡು, ಕೆಳಗೆ ‘ಸರಿ’ ಎಂದು ಬರೆದ. ಡಬ್ಬಿ ಇದ್ದಾಗ ಎಂಟು ತಿಂಗಳು ಇಬ್ಬರೂ ಕಾದದ್ದು ಇಷ್ಟಕ್ಕೆ.

ಮಾಡ್ ಆಪಿನ ಗೊಡವೆಗೇ ಹೋಗಲಿಲ್ಲ. ಪೆಟ್ಟಿಗೆ ಬೀಳದ ಮೇಲೆ ಅದು ಹೊರೆ ಆಟ ಹೇಗಾದೀತು? ನನಗೆ ಅಸಲು ಬೇಕಿತ್ತು. ಸುಟ್ಟ ಡಬ್ಬಿಯಿಂದ ಕ್ಯಾಸೆಟ್ಟು ತೆಗೆದು, ತುಕ್ಕು ಹಿಡಿದ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿ, ಸ್ಪಿರಿಟ್ಟಿನಲ್ಲಿ ಒರೆಸಿ, ನಾನೇ ಬೆಸುಗೆ ಹಾಕಿದ ಒಂದು ಸಲಕರಣೆಯಿಂದ ಅದರೊಳಗಿನದನ್ನೆಲ್ಲ ಕಂಪ್ಯೂಟರಿಗೆ ಇಳಿಸಿಕೊಂಡೆ. ಐದು ಸಲ ಇಳಿಸಿ, ಐದೂ ಒಂದೇ ಇವೆಯೇ ಎಂದು ತಾಳೆ ನೋಡಿದೆ. ಆಮೇಲೆ ಎಮ್ಯುಲೇಟರು. ಅಂದರೆ ಹೊಸ ಫೋನು ತಾನೇ ಹಳೆಯ ಡಬ್ಬಿ ಎಂದು ನಾಟಕ ಆಡುವುದು. ಆಟ ಬಂತು! ಅದೇ ಹಮಾಲರು, ಅದೇ ಸೇತುವೆ. ವಾಚನಾಲಯದ ಬೆಂಚಿನ ಮೇಲೆ ಅಪ್ಪನನ್ನು ಕೂರಿಸಿ ಕೈಗೊಂದು ವೈರಿಲ್ಲದ ಹೊಸ ರಿಮೋಟು ಕೊಟ್ಟೆ. ಆಡಿದೆವು, ದಾಟಿದೆವು, ಹಾಡು ಬಂತು.

ದನಿ ಬರಲಿಲ್ಲ.

ಬರಲಿಲ್ಲ ಅಂದರೆ ಬಿಡುತ್ತೇನೆಯೇ? ರಿಪೇರಿಗೆ ಒಂದು ಕ್ರಮ ಇದೆ. ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿ ಬದಲಾವಣೆಗೂ ಒಂದು ಪರೀಕ್ಷೆ, ಪ್ರತಿ ಪರೀಕ್ಷೆಗೂ ಒಂದು ದಾಖಲೆ. ಹಾಡು ಮುಗಿದ ಕೂಡಲೇ ನನ್ನ ಫೋನಿನ ರೆಕಾರ್ಡರ್ ಒತ್ತಿ ಅಪ್ಪನ ಮುಂದೆ ಹಿಡಿಯುತ್ತಿದ್ದೆ. ‘ಒಂದರಿಂದ ಹತ್ತು ಎಣಿಸು’ ಎಂದು ಚೀಟಿ ಬರೆದು ಗೋಡೆಗೆ ಅಂಟಿಸಿದ್ದೆ. ಅವನ ತುಟಿ ಅಲ್ಲಾಡುತ್ತಿತ್ತು, ಪರದೆಯ ಮೇಲೆ ಗೆರೆ ಏಳುತ್ತ ಬೀಳುತ್ತ ಕುಣಿಯುತ್ತಿತ್ತು. ಮಾತಾಡುತ್ತಿದ್ದಾನೆ ಎಂಬುದಕ್ಕೆ ಅದೇ ಸಾಕ್ಷಿ. ನನ್ನ ಕಿವಿಗೆ ಮಾತ್ರ ಫ್ಯಾನಿನ ಸದ್ದು. ಫೈಲಿಗೆ ನಂಬರು, ತಾರೀಕು, ಏನು ಬದಲಿಸಿದೆ ಎಂದು ಹೆಸರು ಬರೆದು ಇಡುತ್ತಿದ್ದೆ. ‘ಏಳು, ದೊಡ್ಡ ಟಿವಿ.’ ‘ಹನ್ನೆರಡು, ಟ್ಯಾಬು.’ ‘ಹತ್ತೊಂಬತ್ತು, ಶಬ್ದ ಸರಿಪಡಿಸಿದ್ದು.’

ಏಳನೆಯ ಪರೀಕ್ಷೆಯ ದಿನ ನಾನು ಬೆಳಗಿನಿಂದ ನೀರೂ ಕುಡಿದಿರಲಿಲ್ಲ. ಎಲ್ಲಿಂದಲೋ ಒಂದು ಪೊಟ್ಟಣ ಖಾರ ಮಂಡಕ್ಕಿ ಬಂದು ಎದುರಿಗೆ ಕೂತಿತು. ಗಬಗಬ ತಿಂದೆ, ಯಾರು ತರಿಸಿದರು ಎಂದು ಕೇಳಲೂ ಇಲ್ಲ. ಅಪ್ಪ ಎಣಿಸುವಾಗ ತಿಪ್ಪೇರುದ್ರಪ್ಪನವರು ಒಮ್ಮೊಮ್ಮೆ ಮುಖ ಆ ಕಡೆ ತಿರುಗಿಸಿಕೊಂಡು ಪೇಪರು ಮಡಚುತ್ತ ನಿಲ್ಲುತ್ತಿದ್ದರು. ನನಗೆ ಅದನ್ನೆಲ್ಲ ನೋಡಲು ವ್ಯವಧಾನ ಎಲ್ಲಿತ್ತು! ನಾನು ಹಿಡಿದದ್ದು ತಡವನ್ನು. ಗುಂಡಿ ಒತ್ತಿದ್ದಕ್ಕೂ ಹಮಾಲ ಹೆಜ್ಜೆ ಇಡುವುದಕ್ಕೂ ನಡುವೆ ಒಂದು ಚೂರು ತಡ ಇರುತ್ತದೆ, ಆಟ ಆಡುವವರು ಅದನ್ನು ಲ್ಯಾಗ್ ಎಂದು ಬೈಯುತ್ತಾರೆ. ಅದೇ ನಮ್ಮ ಶನಿ ಎಂದುಕೊಂಡು ಅದನ್ನು ಕಳೆಯಲು ಹದಿನೈದು ದಿನ ಸುರಿದೆ. ಫೋನು ಬದಲಿಸಿದೆ, ಟಿವಿ ಬದಲಿಸಿದೆ, ಬೇಡದ ಆಪೆಲ್ಲ ಕಿತ್ತೆ. ಕೊನೆಗೆ ಎಂಥ ನಯವಾಯಿತು ಅಂದರೆ ಬೆರಳು ತಾಗುವುದರೊಳಗೆ ಹಮಾಲ ಓಡುತ್ತಿದ್ದ. ಅಪ್ಪನೂ ನಾನೂ ಹದಿಮೂರು ನಿಮಿಷದಲ್ಲಿ ದಾಟಿದೆವು. ಮೂವತ್ತಾರನೆಯ ಪರೀಕ್ಷೆ. ಗೆರೆ ಕುಣಿಯಿತು. ಫ್ಯಾನು ತಿರುಗಿತು.

ಆವತ್ತು ಅತ್ತೆ. ತಿಪ್ಪೇರುದ್ರಪ್ಪನವರ ಎದುರಿಗೇ ಅತ್ತೆ. “ಇನ್ನು ನಾಲ್ಕು ದಿನ ಇದೆ ಮಾವ. ಏನೂ ತಪ್ಪಿಲ್ಲ ಇದರಲ್ಲಿ. ಒಂದು ತಪ್ಪೂ ಉಳಿದಿಲ್ಲ.”

“ಇದೆ ಇನ್ನೂ ನಾಲ್ಕು ದಿನ” ಅಂದರು ಅವರು. “ಮೂಗು ಒರೆಸ್ಕೊ.”

ಮಾರನೆಯ ಬೆಳಿಗ್ಗೆ ನನ್ನ ಹೊಸ ರಿಮೋಟಿನ ಒಂದು ಗುಂಡಿ ಕುಂಟತೊಡಗಿತು. ಒಳಗಿನ ರಬ್ಬರು ಸವೆದಿತ್ತು. ಹಳೆಯ ಡಬ್ಬಿಯ ರಿಮೋಟುಗಳನ್ನು ತಿಪ್ಪೇರುದ್ರಪ್ಪನವರು ಎಸೆಯಗೊಡದೆ ಬೀರುವಿನ ಮೇಲೆ ಇಟ್ಟಿದ್ದರು. ರಬ್ಬರು ಸಿಕ್ಕೀತು ಎಂದು ಎರಡನೇ ರಿಮೋಟು ಬಿಚ್ಚಿದೆ. ಬಿಚ್ಚಿದವಳು ಹಾಗೇ ಕೂತೆ. ಯಾವ ಕಾಲದಲ್ಲೋ ಇಲಿ ವೈರು ಕಡಿದಿದೆ. ಯಾರೋ ಜೋಡಿಸಿದ್ದಾರೆ, ಜೋಡಿಸುವಾಗ ಪಕ್ಕಕ್ಕೆ, ಕರೆಂಟನ್ನು ಹಿಡಿದಿಟ್ಟು ನಿಧಾನಕ್ಕೆ ಬಿಡುವ ಕೆಪಾಸಿಟರ್ ಒಂದನ್ನು, ಬೇಡದಷ್ಟು ದೊಡ್ಡದನ್ನು ಕೂರಿಸಿದ್ದಾರೆ. ಬೆಸುಗೆಯ ಚುಕ್ಕೆಗಳು ಸಾಸಿವೆ ಕಾಳಿನಷ್ಟು ಸಣ್ಣವು, ಎಲ್ಲ ಒಂದೇ ಅಳತೆ. ಅಷ್ಟು ಸಣ್ಣ ಬೆಸುಗೆ ಈ ಊರಿನಲ್ಲಿ ಹಾಕುವ ಕೈ ಒಂದೇ.

ರಿಮೋಟನ್ನು ಹಾಗೇ ಅಂಗೈಯಲ್ಲಿ ಹಿಡಿದು ಅಪ್ಪನ ಮುಂದೆ ಇಟ್ಟೆ. ಅವನು ವಾಚು ನೋಡುವ ಗಾಜು ಕಣ್ಣಿಗೆ ಸಿಕ್ಕಿಸಿ ನೋಡಿ, ಚೀಟಿ ಬರೆದ: ‘ನಾನೇ ಮಾಡಿದ್ದು. ನೀನು ಹುಟ್ಟಿರಲಿಲ್ಲ. ಆಗ ಕೈಗೆ ಸಿಕ್ಕಿದ್ದನ್ನ ಹಾಕಿದ್ದೆ. ಆಮೇಲೆ ಒತ್ತಿದ್ದು ಸ್ವಲ್ಪ ತಡವಾಗಿ ತಾಗುತ್ತಿತ್ತು. ಯಾರೂ ದೂರು ಹೇಳಲಿಲ್ಲ, ಬಿಟ್ಟೆ.’

ಥೂ ನನ್ನ ಬುದ್ಧಿಗಿಷ್ಟು! ನಮ್ಮೂರಿನ ಎಲ್ಲ ರಾಜಿಗಳೂ ಆ ತಡದ ಮೇಲೆ ನಡೆದಿದ್ದವು. ಹಿಂದಿನ ಹಮಾಲ ಯಾವಾಗಲೂ ಒಂದು ಚೂರು ನಿಧಾನ. ಮುಂದಿನವರು ಸೇತುವೆಯ ತುದಿಯಲ್ಲಿ ನಿಂತು ಕಾಯದೆ ಗತಿಯಿರಲಿಲ್ಲ. ಜಗಳವಾಡಿ ಬಂದವರು ನಲವತ್ತು ನಿಮಿಷ ಒಬ್ಬರಿಗೊಬ್ಬರು ಕಾಯುತ್ತಿದ್ದರು. ಅದನ್ನೇ ನಾನು ಹುಡುಕಿ ಹುಡುಕಿ ಕಳೆದಿದ್ದೆ. ಕಿತ್ತು ಬಿಸಾಡುವುದೇ ನನ್ನ ಕಸುಬು ಎಂದು ಅಪ್ಪ ಅಂದಿದ್ದ, ಸುಳ್ಳಲ್ಲ.

ಆ ರಿಮೋಟಿನ ವೈರು ಈಗಿನ ಯಾವುದಕ್ಕೂ ಕೂರುವಂತಿರಲಿಲ್ಲ, ಒಳಗೆ ಅರ್ಧ ಪುಡಿಯಾಗಿತ್ತು. ಆದರೆ ಎಮ್ಯುಲೇಟರಿನಲ್ಲಿ ಒಬ್ಬ ಆಟಗಾರನಿಗೆ ಮಾತ್ರ ಬೇಕೆಂದೇ ತಡ ಹಾಕಬಹುದು, ಫ್ರೇಮಿನ ಲೆಕ್ಕದಲ್ಲಿ, ಅಂದರೆ ಪರದೆಯ ಮೇಲೆ ಚಿತ್ರ ಎಷ್ಟು ಸಲ ಬದಲಾಯಿತು ಎಂಬ ಲೆಕ್ಕದಲ್ಲಿ. ಎಷ್ಟು ಹಾಕಬೇಕು ಎಂಬುದು ಅಪ್ಪನ ಬೆರಳಿಗೆ ಗೊತ್ತಿತ್ತು. ನಲವತ್ತು ವರ್ಷ ಟಿಕ್ ಟಿಕ್ ಕೇಳಿದ ಮನುಷ್ಯ. ಮೂರು ಹಾಕಿದೆ, ತಲೆ ಅಲ್ಲಾಡಿಸಿದ. ಐದು, ಇಲ್ಲ. ಹನ್ನೆರಡಕ್ಕೆ ಅಸಹ್ಯಪಟ್ಟು ರಿಮೋಟು ಕೆಳಗಿಟ್ಟ. ಎಂಟು, ಹತ್ತು, ಮತ್ತೆ ಎಂಟು. ಎರಡು ದಿನ ಹೀಗೇ ಹೋಯಿತು, ನಡುವೆ ನಾಲ್ಕು ಪರೀಕ್ಷೆ ಸೋತವು. ಆಪರೇಷನ್ನಿನ ಹಿಂದಿನ ದಿನ ಬೆಳಿಗ್ಗೆ ಒಂಬತ್ತು ಹಾಕಿದೆ. ಅಪ್ಪ ಒಂದು ಸಲ ಒತ್ತಿದ, ಇನ್ನೊಂದು ಸಲ ಒತ್ತಿದ, ನನ್ನ ಕಡೆ ತಿರುಗಿ ಹುಬ್ಬು ಮೇಲೆತ್ತಿದ.

ನಾನು ಮುಂದೆ, ಅವನು ಹಿಂದೆ. ಮೊದಲನೆಯ ಸೇತುವೆಯಲ್ಲೇ ಪೆಟ್ಟಿಗೆ ಹೊಳೆಗೆ ಬಿತ್ತು, ನನ್ನದೇ ಅವಸರ. ಆಮೇಲೆ ಕಾದೆ. ಪ್ರತಿ ತುದಿಯಲ್ಲೂ ನಿಂತು, ಹಿಂದೆ ಅವನ ಹೆಜ್ಜೆ ಬರುವುದನ್ನು ಕಾದೆ. ಏಳನೆಯ ಸೇತುವೆಯ ಹೊತ್ತಿಗೆ ನೋಡದೆಯೇ ಗೊತ್ತಾಗುತ್ತಿತ್ತು, ಈಗ ಬಂದ ಎಂದು. ಹನ್ನೆರಡು ದಾಟಿದೆವು. ಹಾಡು ಬಂತು, ಮುಗಿಯಿತು. ಅಭ್ಯಾಸಬಲದಿಂದ ರೆಕಾರ್ಡರ್ ಒತ್ತಿ ಹಿಡಿದೆ, ಕಣ್ಣು ಮುಚ್ಚಿಕೊಂಡೆ.

“ಇದೂ ಆಗ್ಲಿಲ್ಲ ಅಂತ ಕಾಣ್ಸುತ್ತೆ ರುದ್ರಪ್ಪ. ಪಾಪ, ಇವಳ ಚಾ ಬೇರೆ ಆರಿ ಹೋಯ್ತು.”

ಸೀಳಿದ ಬಿದಿರು. ಗುರುತೇ ಸಿಗದ ದನಿ, ಆದರೂ ಅದು ನನ್ನ ಅಪ್ಪನದು.

“ಬಿಸಿ ಮಾಡ್ಕೊಂಡು ಬರ್ತೀನಿ ತಡಿ ಅಪ್ಪ” ಅಂದೆ.

ಅಪ್ಪ ಗಕ್ಕನೆ ನನ್ನ ಕಡೆ ತಿರುಗಿದ. ಚಾ ಬಿಸಿ ಮಾಡಲು ಯಾರೂ ಏಳಲಿಲ್ಲ. ಹೊರಗೆ ಬೆಂಚಿನಲ್ಲಿ ಕಾದಿದ್ದ ಗುರುಬಸಪ್ಪ, ಸಾವಂತ್ರಮ್ಮ ಒಳಗೆ ಓಡಿ ಬಂದರು, “ನಮ್ಮದು ಮುಂದಿನದು, ನಮ್ಮದು ಮುಂದಿನದು” ಎನ್ನುತ್ತ.

ಪಟ್ಟಣಕ್ಕೆ ಮೂರು ತಾಸಿನ ದಾರಿ. ಬಸ್ಸಿನಲ್ಲಿ ನಾನು ಆ ಟ್ರಂಕಿನ ತಪ್ಪನ್ನೂ, ಮೂಲೆಯಲ್ಲಿ ಕೂರು ಅಂದ ತಪ್ಪನ್ನೂ ಒಪ್ಪಿಕೊಂಡೆ. ಅಪ್ಪ, “ಆಯ್ತು ಬಿಡೇ, ಎಷ್ಟು ಅಳ್ತೀಯ, ಕಂಡಕ್ಟರು ನೋಡ್ತಾನೆ” ಅಂದ. ಆಮೇಲೆ ಡ್ರೈವರನ್ನು ಬೈದ, ಸೀಟನ್ನು ಬೈದ, ನಾನು ಸಾರಿಗೆ ಉಪ್ಪು ಹಾಕುವ ಬಗೆಯನ್ನು ಬೈದ. ಎರಡು ವರ್ಷದ್ದು ಬಾಕಿ ಇತ್ತಲ್ಲ. ನಾನು ಒಂದಕ್ಕೂ ಎದುರಾಡಲಿಲ್ಲ. ಮಾರನೆಯ ದಿನ ಅವನನ್ನು ಒಳಗೆ ಕರೆದುಕೊಂಡು ಹೋದರು. ಹೊರಗೆ ಬಂದಾಗ ಕತ್ತಿಗೆ ಬ್ಯಾಂಡೇಜು ಇತ್ತು, ಜೀವ ಇತ್ತು, ದನಿ ಇರಲಿಲ್ಲ.

ಈಗ ಅಂಗಡಿಯಲ್ಲಿ ಮತ್ತೆ ಎಡಕ್ಕೆ ನಾನು, ಬಲಕ್ಕೆ ಅವನು, ನಡುವೆ ಚೀಟಿ. ಒಂದು ತಿಂಗಳಾದ ಮೇಲೆ ಒಂದು ದಿನ ನನ್ನ ಫೋನು ಸ್ಟೋರೇಜ್ ತುಂಬಿದೆ, ಜಾಗ ಸಾಲದು ಎಂದು ಹಟ ಹಿಡಿಯಿತು. ಆ ನಲವತ್ತೊಂದು ರೆಕಾರ್ಡಿಂಗುಗಳು ಕಣ್ಣಿಗೆ ಬಿದ್ದವು. ಬಸ್ಸಿನಲ್ಲಿ ಅಷ್ಟು ಮಾತು ಕೇಳಿದವಳಿಗೆ ಈ ಎಣಿಕೆ ಯಾಕೆ ಎಂದು ಎಲ್ಲವನ್ನೂ ಗುರುತು ಹಾಕಿ ಅಳಿಸಲು ಹೋದೆ. ಬೆರಳು ಜಾರಿ ಏಳನೆಯದು ತೆರೆದುಕೊಂಡಿತು.

“ಒಂದು, ಎರಡು, ಮೂರು... ರುದ್ರಪ್ಪ, ಇವಳು ಬೆಳಗ್ಗೆಯಿಂದ ಏನೂ ತಿಂದಿಲ್ಲಪ್ಪ. ಒಂದು ಪೊಟ್ಟಣ ಮಂಡಕ್ಕಿ ತರ್ಸು. ನಾನ್ ಹೇಳ್ದೆ ಅನ್ಬೇಡ.”

ಇಯರ್‌ಫೋನು ಹುಡುಕಿ ಕಿವಿಗೆ ಸಿಕ್ಕಿಸಿಕೊಂಡೆ. ಮೊದಲನೆಯದರಲ್ಲಿ ಮಾತ್ರ ಹತ್ತರವರೆಗೂ ಎಣಿಸಿದ್ದ. ಹನ್ನೆರಡರಲ್ಲಿ ಅವ್ವನ ಜೊತೆ ಮೊದಲ ಸಲ ಆ ಬೆಂಚಿನ ಮೇಲೆ ಕೂತದ್ದನ್ನು ಹೇಳಿದ್ದ. ಹತ್ತೊಂಬತ್ತರಲ್ಲಿ, “ಇವಳ ಕೈ ನನ್ನ ಕೈಗಿಂತ ಚೂಟಿ ರುದ್ರಪ್ಪ. ಕೇಳ್ಸಲ್ಲ ಅನ್ನೋ ಧೈರ್ಯಕ್ಕೆ ಹೇಳ್ತಿದೀನಿ, ಇಲ್ದಿದ್ರೆ ತಲೆ ಮೇಲೆ ಕೂತಾಳು.” ಮೂವತ್ತಾರರಲ್ಲಿ, ನಾನು ಅತ್ತ ದಿನದ್ದರಲ್ಲಿ, ಬರೀ, “ಹಾಲಿ. ಹಾಲಿ. ಹಾಲಮ್ಮ. ಇಲ್ಲಿದೀನಿ ಕಣೇ.”

ನನ್ನ ಕಣ್ಣಿಂದ ನೀರು ಸುರಿಯುವುದನ್ನು ಅಪ್ಪ ನೋಡಿದ. ಫೋನು ನೋಡಿದ, ಕಿವಿಯ ವೈರು ನೋಡಿದ. ಅವನಿಗೆ ಹೊಳೆಯಿತು. ಕಳ್ಳ ಸಿಕ್ಕಿಬಿದ್ದಂತೆ ಮುಖ ಕೆಂಪಾಯಿತು. ದಡಬಡ ಒಂದು ಚೀಟಿ ಗೀಚಿ ನನ್ನ ಟೇಬಲ್ಲಿಗೆ ತಳ್ಳಿದ: ‘ಅದನ್ನೆಲ್ಲ ಅಳಿಸಿ ಹಾಕು.’

“ಆಗಲ್ಲಪ್ಪ” ಅಂದೆ. “ಹೆಸರು ಬರೆದಿಟ್ಟಿದ್ದನ್ನ ಎಸೀಬಾರ್ದು ಅಂತ ನೀನೇ ಹೇಳಿದ್ದು.”

ಅಪ್ಪ ಚೀಟಿಯನ್ನು ವಾಪಸು ತೆಗೆದುಕೊಂಡು, ಮಡಚಿ ಜೇಬಿಗೆ ಹಾಕಿ, ಗಾಜನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಕೆಲಸಕ್ಕೆ ಕೂತ.